ಕೊಡದ ಮೇಲಿನ ಡೇಗೆ

ನವಸಾಗರದ ಹೊಗೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಬೇರೆಯವರಿಗೆ ಕೆಮ್ಮು ಬರುತ್ತದೆ, ನನಗೆ ಸಿಟ್ಟು. ಮೊನ್ನೆ ಹೊಸಪೇಟೆಯ ಪೇಟೆಬೀದಿಯಲ್ಲಿ ಮೊಮ್ಮಗಳ ಜೊತೆ ಹೋಗುತ್ತಿದ್ದೆ. ಬೇವಿನ ಮರದ ಕೆಳಗೆ ಒಬ್ಬ ಕಲಾಯಿಯವನು ತಿದಿ ಒತ್ತುತ್ತಾ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದ. ಸ್ಟೀಲು ಬಂದ ಮೇಲೆ ಅಂಥವರು ಕಣ್ಣಿಗೆ ಬೀಳುವುದೇ ಅಪರೂಪ. ಕಾದ ಪಾತ್ರೆಗೆ ಅವನು ನವಸಾಗರದ ಪುಡಿ ಉದುರಿಸಿದ್ದೇ ತಡ, ಬಿಳಿ ಹೊಗೆ ಎದ್ದು ನನ್ನನ್ನು ಮುಚ್ಚಿತು. ಮೊಮ್ಮಗಳು ಸೆರಗನ್ನು ಮೂಗಿಗೆ ಹಿಡಿದು "ಬಾರಬೇ ಅಜ್ಜಿ" ಎಂದು ಕೈ ಎಳೆದಳು. ನಾನು ಕದಲಲಿಲ್ಲ. ಎರಡನೇ ಮಹಾಯುದ್ಧ ಶುರುವಾದ ಮರುವರ್ಷ ಕಂಪ್ಲಿಯಲ್ಲಿ ಕಳೆದ ಆ ಮಳೆಗಾಲ ಪೂರ್ತಿ ನೆನಪಾಗಿತ್ತು.

ಆಗ ನನಗೆ ಹದಿನೆಂಟು. ಪಾಪಿನಾಯಕನಹಳ್ಳಿಯಿಂದ ಕಂಪ್ಲಿಗೆ ಸೊಸೆಯಾಗಿ ಬಂದು ವರ್ಷ ತುಂಬಿತ್ತು. ನಮ್ಮದು ಒಕ್ಕಲುತನದ ಮನೆ, ಮಾವನವರದು ಅಕ್ಕಿ ಗಿರಣಿ. ಊರಲ್ಲಿ ಅವರನ್ನು ಅಕ್ಕಿಯವರು ಎನ್ನುತ್ತಿದ್ದರು. ಗಿರಣಿಯ ಬಾಗಿಲ ಮೇಲೂ ಹಾಗೇ ಬರೆಸಿದ್ದರು. ಹೊಳೆಯ ಕಾಲುವೆ ನೀರುಂಡ ಗದ್ದೆಗಳ ಭತ್ತವೆಲ್ಲ ಬಂದು ಬೀಳುತ್ತಿದ್ದ ಜಾಗ ಅದು. ಗೋಡೆ, ಮಾಡು, ತಲೆಗೂದಲು, ಎಲ್ಲದರ ಮೇಲೂ ಹೊಟ್ಟಿನ ಧೂಳು ಕೂತಿರುತ್ತಿತ್ತು. ನಮ್ಮವರು ಹಗಲೆಲ್ಲ ಗಿರಣಿಯಲ್ಲಿ. ಅಪ್ಪನ ಮುಂದೆ ತುಟಿ ಪಿಟಕ್ಕೆನ್ನದ ಗಂಡಸು ಅವರು. ಆ ಮನೆಯಲ್ಲಿ ನನ್ನ ಜೊತೆ ಬಾಯಿ ತುಂಬ ಮಾತಾಡುತ್ತಿದ್ದವಳು ನಾದಿನಿ ಗಿರಿಜೆ ಒಬ್ಬಳೇ. ನನ್ನ ವಾರಿಗೆಯವಳು. ನೀರಿಗೆ ಹೋಗುವಾಗ ಇಬ್ಬರೂ ಜೊತೆಗೆ, ಬರುವಾಗ ಇಬ್ಬರೂ ಜೊತೆಗೆ.

ನಮ್ಮ ಕಡೆ ಹೆಣ್ಣಿಗೆ ಕೊಟ್ಟು ಕಳಿಸುವ ಪಾತ್ರೆಗಳ ಮೇಲೆ ತವರಿನ ಹೆಸರು ಹೊಡೆಸುತ್ತಾರೆ. ಕೊಡ, ಹಂಡೆ, ಪರಾತ, ತಂಬಿಗೆ, ಎಲ್ಲದರ ಮೇಲೂ ಸಣ್ಣ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸುತ್ತಾರೆ. ಓಣಿಯಲ್ಲಿ ಮದುವೆ ಬಂತೆಂದರೆ ಹತ್ತು ಮನೆಯ ಪಾತ್ರೆಗಳು ಒಂದು ಕಡೆ ಸೇರುತ್ತವೆ, ಮುಗಿದ ಮೇಲೆ ಹೆಸರು ಓದಿ ಅವರವರ ಮನೆಗೆ ಮುಟ್ಟಿಸುತ್ತಾರೆ. ಅದು ಲೋಕಕ್ಕೆ ಹೇಳುವ ಕಾರಣ. ಹೆಣ್ಣುಮಕ್ಕಳಿಗೆ ಗೊತ್ತಿದ್ದ ಕಾರಣ ಬೇರೆ. ಗಂಡನ ಮನೆಯಲ್ಲಿ ಇದು ನನ್ನದು ಎಂದು ಬೆರಳಿಟ್ಟು ತೋರಿಸುವಂಥ ವಸ್ತು ನಮಗೆ ಬೇರೆ ಯಾವುದೂ ಇರಲಿಲ್ಲ. ನನ್ನ ಪಾತ್ರೆಗಳ ಮೇಲೆ 'ಪಾಪಿನಾಯಕನಹಳ್ಳಿ ಡೇಗೆಯವರು' ಎಂದಿತ್ತು.

ಡೇಗೆ ಎಂದರೆ ಬೇಟೆಯ ಗಿಡುಗ. ತೆಲುಗರು ಡೇಗ ಎನ್ನುತ್ತಾರೆ, ನಾವು ಡೇಗೆ. ಗಡಿಯ ಊರುಗಳಲ್ಲಿ ಯಾರು ಯಾರಿಂದ ಈ ಮಾತು ಈಸಿಕೊಂಡರೋ ಹೇಳುವವರಿಲ್ಲ. ಪೇಟೆಯ ಜನಕ್ಕೆ ಕೊಕ್ಕು ಬಾಗಿದ ಹಕ್ಕಿಯೆಲ್ಲ ಹದ್ದು. ಹಾಗಲ್ಲ. ಹದ್ದು ಬಿದ್ದದ್ದನ್ನು ಎತ್ತಿಕೊಂಡು ಹೋಗುತ್ತದೆ. ಕೆಂಪು ಮೈ, ಬಿಳಿ ಕೊರಳಿನ ಗರುಡನನ್ನು ಕಂಡರೆ ಜನ ಕೆನ್ನೆ ಬಡಿದುಕೊಳ್ಳುತ್ತಾರೆ, ಅದು ಹೊಳೆದಂಡೆಯಲ್ಲಿ ತಿನ್ನುವುದೂ ಮೀನು ಏಡಿಯನ್ನೇ. ಡೇಗೆ ಹಾರುತ್ತಿರುವ ಹಕ್ಕಿಯನ್ನು ಹಾರಿ ಹಿಡಿಯುತ್ತದೆ. ಕಲಿಸಿದರೆ ಹಿಡಿದದ್ದನ್ನು ಮನುಷ್ಯನಿಗೆ ಬಿಟ್ಟುಕೊಡುತ್ತದೆ. ಇದೆಲ್ಲ ಅಪ್ಪ ಹೇಳಿಕೊಟ್ಟದ್ದು.

ಲಿಂಗ ಕಟ್ಟಿಕೊಂಡು ಎಷ್ಟೋ ತಲೆಮಾರು ಕಳೆದಿದ್ದ, ಮೊಟ್ಟೆಯನ್ನೂ ಮುಟ್ಟದ ಮನೆಗೆ ಇಂಥ ಹೆಸರು ಇದ್ದರೆ ಊರು ಸುಮ್ಮನಿರುತ್ತದೆಯೇ? ನಾವು ಓಣಿಗೆ ಕಾಲಿಟ್ಟರೆ "ಡೇಗೇರು ಬಂದ್ರು, ಕೋಳಿಮರಿ ಬುಟ್ಟ್ಯಾಗ ಮುಚ್ಚರೇ" ಎಂದು ಕಾಡುತ್ತಿದ್ದರು. ನಾನು ಅಳುತ್ತಾ ಬಂದರೆ ಅಪ್ಪ ಹೇಳುತ್ತಿದ್ದ: "ಹಂಪಿ ಆಳಿದ ಒಂದು ಅರಸು ಮನಿತನದ ಹೆಸರು ಸಾಳುವ ಅಂತ. ಸಾಳುವ ಅಂದ್ರೂ ಬ್ಯಾಟಿ ಗಿಡಗನೇ. ಅರಸ್ರು ಹೊತ್ತ ಹೆಸರವಾ ಅದು. ಅವರ ಡೇಗಿ ಸಾಕಿದವ್ರು ನಾವು. ತಲಿ ಎತ್ತಿ ನಡಿ." ಹಂಪಿಗೆ ಹೋದಾಗಲೆಲ್ಲ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ನಮ್ಮ ಹಿರಿಯರನ್ನು ಹುಡುಕುತ್ತಿದ್ದೆ. ಈಟಿ ಹಿಡಿದ ಬೇಟೆಯವರಿದ್ದರು, ಜಿಂಕೆ ಇದ್ದವು, ನಾಯಿ ಇದ್ದವು. ಕೈಮೇಲೆ ಗಿಡುಗ ಕೂರಿಸಿಕೊಂಡವನು ನನಗೆ ಸಿಗಲಿಲ್ಲ. ಸವೆದುಹೋಗಿರಬೇಕು ಎಂದುಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆ ವರ್ಷ ಗಿರಿಜೆಗೆ ಹೊಸಪೇಟೆಯ ಬೆಲ್ಲದ ವ್ಯಾಪಾರಿಯ ಮನೆಯಿಂದ ಸಂಬಂಧ ಕೂಡಿಬಂತು. ಮೂರು ಹೊತ್ತು ಪೂಜೆ ಮಾಡುವ ಕಟ್ಟುನಿಟ್ಟಿನ ಶಿವಭಕ್ತರ ಮನೆ. ಹುಡುಗ ಒಳ್ಳೆಯವನು, ಗಿರಿಜೆಗೂ ಮನಸ್ಸಿತ್ತು. ಅದನ್ನು ಅವಳು ನನ್ನ ಹತ್ತಿರ ಮಾತ್ರ ಹೇಳಿದ್ದಳು. ಶ್ರಾವಣ ಮುಗಿಯುವುದರೊಳಗೆ ಮಾತುಕತೆಗೆ ಬರುತ್ತೇವೆ ಎಂದು ಅವರು ಹೇಳಿ ಕಳಿಸಿದ್ದರು. ಮಾವನವರು ಮನೆಗೆ ಸುಣ್ಣ ಹೊಡೆಸಿದರು, ಬಾಗಿಲುಗಳಿಗೆ ಎಣ್ಣೆ ಹಚ್ಚಿಸಿದರು, ಆರಿದ್ರ ಮಳೆ ಬಿಡುವು ಕೊಟ್ಟ ಒಂದು ಮುಂಜಾನೆ ಕಲಾಯಿ ಹುಸೇನ್ ಸಾಬನನ್ನು ಕರೆಸಿ ಅಂಗಳದಲ್ಲಿ ಕೂರಿಸಿದರು.

ನಾನು ನೀರು ಹೊತ್ತು ಬಂದಾಗ ಮಾವನವರು ನನ್ನ ಪರಾತವನ್ನು ತಿರುವಿ ಹಿಡಿದು ಅಕ್ಷರ ಓದುತ್ತಿದ್ದರು. "ಇದನ್ನ ಅರದಲೆ ಉಜ್ಜಿ ತಗದುಬಿಡೋ ಸಾಬ. ಆಮ್ಯಾಲೆ ಕಲಾಯಿ ಹಾಕು" ಎಂದರು.

ತಲೆಯ ಮೇಲಿನ ಕೊಡ ಇಳಿಸುವುದನ್ನೂ ಮರೆತು ನಿಂತೆ. "ಅದು ನಮ್ಮಪ್ಪನ ಮನಿ ಹೆಸರ್ರಿ ಮಾವ್ನೋರ. ಅಳಿಸಬ್ಯಾಡ್ರಿ."

"ಅಪ್ಪನ ಮನಿ ಹೆಸರು ಅಪ್ಪನ ಮನ್ಯಾಗಿರಲಿ. ಮಾಂಸ ತಿನ್ನೋ ಹಕ್ಕಿ ಹೆಸರು ನಮ್ಮ ಅಡಿಗಿಮನ್ಯಾಗ ಐತಿ ಅಂದ್ರ ಹೊಸಪೇಟಿಯವ್ರು ನೀರು ಸೈತ ಮುಟ್ಟೋದಿಲ್ಲ. ಅವರ ಮನ್ಯಾಗ ಒಬ್ಬಾಕಿ ಮುದುಕಿ ಅದಾಳ, ಹೋದಲ್ಲೆಲ್ಲ ಪಾತ್ರಿ ತಿರುವಿ ಹೆಸರು ಓದತಾಳಂತ."

"ಓದಲಿ ಬಿಡ್ರಿ. ಓದಾಕಂತಲೇ ಬರಸ್ಯಾರ."

ಮಾವನವರಿಗೆ ಎದುರು ಮಾತು ಕೇಳಿ ಅಭ್ಯಾಸವಿರಲಿಲ್ಲ. ಮುಖ ಕೆಂಪಾಯಿತು. ಹುಸೇನ್ ಸಾಬ ಅವರನ್ನೂ ನನ್ನನ್ನೂ ನೋಡಿ, ಕೈಗೆತ್ತಿಕೊಂಡಿದ್ದ ಅರವನ್ನು ಕೆಳಗಿಟ್ಟ. "ಹೆಣ್ಣುಮಗಳು ಬ್ಯಾಡ ಅಂತಾಳ್ರಿ ಧಣಿ. ತವರ ಹೆಸರು ಅಳಿಸಿದ್ದು ನಾ ಎಂದೂ ಇಲ್ಲ. ಕಲಾಯಿ ಹಾಕು ಅಂದ್ರ ಹಾಕ್ತೀನಿ, ಇದೊಂದು ನನ್ನ ಕೈಲೆ ಆಗೋದಿಲ್ಲ." ಮಾವನವರು ಬೈದರು. ಅವನು ಅರ್ಧ ಕೆಲಸಕ್ಕೇ ತಿದಿ ಕಟ್ಟಿಕೊಂಡು ಹೊರಟುಹೋದ.

ಅವತ್ತು ಅತ್ತೆ ನನ್ನನ್ನು ಒಲೆಯ ಹತ್ತಿರ ಕೂರಿಸಿಕೊಂಡು, "ಒಂದು ಹೆಸರಿಗೆ ಇಷ್ಟು ಹಟ ಯಾಕವ್ವಾ ನೀಲವ್ವ? ಗಿರಿಜಿ ಮದಿವಿ ನಿಂತ್ರ ಆ ಪಾಪ ನಿನ್ನ ತಲಿಮ್ಯಾಲೆ" ಎಂದರು. ಆ ಮಾತು ಎದೆಗೆ ನಾಟಿತು. ಗಿರಿಜೆ ನನಗೆ ಅಕ್ಕತಂಗಿಗಿಂತ ಹೆಚ್ಚು. ಅವಳ ಬಾಳಿಗೆ ನಾನು ಅಡ್ಡ ಬರುತ್ತೇನೆಯೇ ಎಂದು ಹೆದರಿದೆ. ಹೆದರಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಗಿರಿಜೆಯನ್ನು ಕೇಳಿದರೆ ಅವಳು, "ನಾ ಏನು ಹೇಳಲಿ ಅತ್ಗಿ? ಅಪ್ಪನ ಮುಂದ ನನ್ನ ಬಾಯಿ ಬರೋದಿಲ್ಲ" ಎಂದು ಕಣ್ಣು ಒರೆಸಿಕೊಂಡಳು.

ಗಿರಣಿಯಲ್ಲಿ ಒಬ್ಬ ಗುಮಾಸ್ತರಿದ್ದರು. ಹಣೆಗೆ ಅಂಗಾರ ಅಕ್ಷತೆ, ಬಾಯಲ್ಲಿ ಸದಾ ಹರಿಸ್ಮರಣೆ. ಒಳ್ಳೆಯ ಮನುಷ್ಯ. ಎರಡು ದಿನದ ಮೇಲೆ ಅವರು ಪಡಸಾಲೆಯಲ್ಲಿ ಕೂತು ಮಾವನವರಿಗೆ ಬುದ್ಧಿ ಹೇಳುತ್ತಿದ್ದುದನ್ನು ಬಾಗಿಲ ಮರೆಯಿಂದ ಕೇಳಿದೆ. "ಡೇಗೆಗೆ ಸಂಸ್ಕೃತದಾಗ ಶ್ಯೇನ ಅಂತಾರ್ರಿ ಸಾಹುಕಾರ್ರ. ಯಜ್ಞದ ವೇದಿ ಕಟ್ಟೋದು ಆ ಹಕ್ಕಿ ಆಕಾರದಾಗ. ಕೀಳು ಹಕ್ಕಿ ಏನಲ್ಲ. ಆದ್ರ ಶ್ಯೇನ ಅಂದ್ರ ಮಂದಿಗೆ ತಿಳಿಯೋದಿಲ್ಲ. ಪೂರಾ ಅಳಿಸೋದ್ಯಾಕ, ಗರುಡ ಅಂತ ತಿದ್ದಸರಿ. ಎಲ್ಲಾ ಹಕ್ಕಿಗೂ ಅದೇ ದೊಡ್ಡದು. ಯಾರ ಬಾಯಿಲೂ ಮಾತು ಬರೋದಿಲ್ಲ." ಮಾವನವರು "ಗರುಡ, ಗರುಡ" ಎಂದು ಎರಡು ಸಲ ಅಂದು ನೋಡಿದರು.

ನಾನು ಒಳಗೆ ಹೋಗಿ, ಪಾತ್ರೆಗಳನ್ನೆಲ್ಲ ಒಂದರೊಳಗೊಂದು ಇಟ್ಟು, ಮೇಲೆ ಗೋಣಿ ಮುಚ್ಚಿದೆ. ಕದ್ದು ಮುಚ್ಚಿಡುವುದಕ್ಕಿಂತ ಒಂದು ಗಟ್ಟಿ ಉತ್ತರ ಬೇಕಿತ್ತು ನನಗೆ. ಅಪ್ಪ ಹೇಳಿದ ಅರಸರ ಕತೆಗೆ ಒಂದು ಹೆಸರು, ಒಂದು ಆಳು, ಒಂದು ಗುರುತು ಸಿಕ್ಕರೆ ಸಾಕು, ಮಾವನವರ ಮುಂದೆ ನಿಂತು ಹೇಳಿಬಿಡುತ್ತೇನೆ ಎಂದುಕೊಂಡೆ. ಪಂಚಮಿ ಹಬ್ಬಕ್ಕೆ ಅಣ್ಣ ಬಂಡಿ ಕಟ್ಟಿಕೊಂಡು ಕರೆಯಲು ಬಂದಾಗ ಹೊರಟುಬಿಟ್ಟೆ.

ತವರಲ್ಲಿ ಹುಡುಗಿಯರೆಲ್ಲ ಜೋಕಾಲಿ ಆಡುತ್ತಿದ್ದರು. ನಾನು ತಂಬಿಟ್ಟು ಕೈಯಲ್ಲಿ ಹಿಡಿದು ಅಪ್ಪನ ಬೆನ್ನು ಬಿದ್ದೆ. ಡೇಗೆ ಸಾಕಿದ ನಮ್ಮ ಹಿರಿಯನ ಹೆಸರೇನು? ಯಾವ ಅರಸನ ಹತ್ತಿರ ಇದ್ದ? ಅಪ್ಪ ಮೊದಲು "ಹಿರೇರು ಹೇಳಿದ್ದು ನಾ ಹೇಳಿದೆ" ಎಂದ. ಆಮೇಲೆ ಹೊಲಕ್ಕೆ ಹೊರಟ. ಸಂಜೆ ಬಂದವನನ್ನು ಮತ್ತೆ ಕೇಳಿದೆ. ಕೊನೆಗೆ ಬೇಸತ್ತು, "ಬಂಡ್ರ್ಯಾಗ ನಮ್ಮ ಚಿಗಪ್ಪ ಅದಾನಲ್ಲ, ಆತಗ ಗೊತ್ತು. ನಡಿ, ಕೇಳುವಂತಿ" ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಬಂಡ್ರಿ ಒಂದು ದಿನದ ಬಂಡಿ ದಾರಿ. ಸಂಡೂರಿನ ಗುಡ್ಡಗಳು ಆ ಮಳೆಗೆ ಹಸಿರೇ ಹಸಿರಾಗಿದ್ದವು. ಕೊರಕಲಿನಲ್ಲಿ ಇಳಿಯುವ ನೀರು ಮಾತ್ರ ಕುಂಕುಮ ಕಲಸಿದಷ್ಟು ಕೆಂಪು. ಗಾಲಿಗೆ ಮೆತ್ತಿದ ಗಣಿ ಮಣ್ಣನ್ನು ಅಪ್ಪ ಕೋಲಿನಿಂದ ಕೆರೆದು ಕೆರೆದು ತೆಗೆಯುತ್ತಿದ್ದ. ಸಂಜೆ ಮುಟ್ಟಿದಾಗ ಅಪ್ಪನ ಚಿಗಪ್ಪ, ನನಗೆ ತಾತ, ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಹಲ್ಲಿರಲಿಲ್ಲ, ಕಣ್ಣು ಚುರುಕಾಗಿದ್ದವು. ನನ್ನ ಮಾತನ್ನೆಲ್ಲ ಕೇಳಿ, ಪಾತ್ರೆಯ ಕತೆಯನ್ನೂ ಕೇಳಿ, ಹಗ್ಗ ಪಕ್ಕಕ್ಕಿಟ್ಟ.

"ಅರಸರ ಡೇಗಿ ಸಾಕಿದವ್ರು ನಾವಲ್ಲವಾ. ನಿಮ್ಮಪ್ಪ ನಿನಗ ಚಂದ ಮಾಡಿ ಹೇಳ್ಯಾನ. ಸಾಕಿದವ್ರು ಬ್ಯಾರೆ ಮಂದಿ. ಹಂಪಿ ಹಾಳಾದಾಗ ಅರಸು, ದಂಡು, ಸಾಕೋರು ಎಲ್ಲಾರೂ ಓಡಿಹೋದ್ರು. ನಮ್ಮ ಮನಿ ಹಿರೇಳು ಒಬ್ಬಾಕಿ ಓಡಾಕ ಆಗದೇ ಗುಡ್ಡದಾಗ ಉಳದ್ಲು. ಗಂಡ ಸತ್ತಿದ್ದ. ಮೂರು ಕೂಸು. ಹೊಲ ಸುಟ್ಟಿದ್ವು, ಹಗೇವಿನ ಜೋಳ ಲೂಟಿ ಆಗಿತ್ತು. ಆವಾಗ ಒಂದು ಡೇಗಿ, ಕಾಲಿಗೆ ಕಟ್ಟಿದ ತೊಗಲಿನ ದಾರ ಜಾಲಿ ಮುಳ್ಳಿಗೆ ಸಿಕ್ಕು ಜೋತಾಡತಿತ್ತಂತ. ಯಾರೋ ಅರಮನಿಯವ್ರು ಬಿಟ್ಟು ಓಡಿದ್ದು. ಈಕಿ ಬಿಡಿಸಿದ್ಲು. ಕೈ ಎಲ್ಲಾ ಹರಕೊಂಡ್ಲು, ಆದ್ರೂ ಬಿಡಿಸಿದ್ಲು. ಮನಷ್ಯಾರ ಕೈ ಬಲ್ಲ ಹಕ್ಕಿ, ಹೋಗಲಿಲ್ಲ. ದಿನಾ ಒಂದು ಕೌಜಗ, ಒಂದು ಲಾವಕ್ಕಿ ಹಿಡದು ಕೆಡವೋದು. ಈಕಿ ಸುಟ್ಟು ಕೂಸುಗಳಿಗೆ ತಿನಸೋದು. ಮುಂದಿನ ಬೆಳಿ ಬರೋ ತನಕ ಆ ಮೂರೂ ಕೂಸು ಬದುಕಿದ್ದು ಆ ಹಕ್ಕಿ ಹಿಡಿದದ್ರ ಮ್ಯಾಲೆ. ಊರಿಗೆ ಬಂದಾಗ ಮಂದಿ ಆಕೀನ ಡೇಗವ್ವ ಅಂದ್ರು. ಆಕಿ ಮಕ್ಕಳು ಡೇಗೇರು ಆದ್ರು."

ನನಗೆ ಅಳು ಬಂತು. ನಾನು ಕೇಳಲು ಬಂದದ್ದು ಇದಲ್ಲ. ಅರಸನ ಮಗ್ಗುಲಲ್ಲಿ ಕೈಮೇಲೆ ಗಿಡುಗ ಕೂರಿಸಿಕೊಂಡು ನಿಂತ ಗಂಡಸನ್ನು ಹುಡುಕಿ ಬಂದರೆ, ಸುಟ್ಟ ಲಾವಕ್ಕಿಯನ್ನು ಮಕ್ಕಳ ಬಾಯಿಗೆ ಇಡುವ ಒಬ್ಬ ವಿಧವೆ ಸಿಕ್ಕಿದ್ದಳು. ಮಾವನವರು ಮುಚ್ಚಿಡಬೇಕೆಂದಿದ್ದ ಮಾಂಸವೇ ನಮ್ಮ ಹೆಸರಿನ ಬುಡದಲ್ಲಿತ್ತು. ಅಪ್ಪ ಎದ್ದು ಎತ್ತುಗಳ ಹತ್ತಿರ ಹೋಗಿ ನಿಂತಿದ್ದ. ತಾತ ಮತ್ತೆ ಹಗ್ಗ ಕೈಗೆತ್ತಿಕೊಂಡು ಹೇಳಿದ: "ನಮ್ಮ ಮನ್ಯಾಗ ಇವತ್ತಿಗೂ ಡೇಗಿಗೆ ಯಾರೂ ಕಲ್ಲು ಬೀಸೋದಿಲ್ಲ. ಅದು ನಮ್ಮನ್ನ ಸಾಕೇತಿ. ನಾವು ಅದನ್ನ ಸಾಕಿಲ್ಲ."

ಮರುದಿನ ಹಿಂದಿರುಗುವಾಗ ಗುಡ್ಡಗಳ ನಡುವಿನ ಗಂಡಿಯ ಇಳಿಜಾರಿನಲ್ಲಿ ಅಪ್ಪನನ್ನು ಕೇಳಿದೆ, ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು. "ಭಿಕ್ಷಾ ಬೇಡಿದಂಗ ಕೇಳಸತೈತಿ ಅಂತ ಹೇಳಲಿಲ್ಲವಾ" ಎಂದ. ನಾನು ಬಂಡಿಯ ಹಿಂಬದಿಯಲ್ಲಿ ಕೂತು ಗುಡ್ಡ ನೋಡುತ್ತಿದ್ದೆ. ಇದೇ ಗುಡ್ಡ, ಇದೇ ಜಾಲಿ ಮುಳ್ಳು. ಆ ಹೆಂಗಸು ಯಾರ ಹತ್ತಿರ ಭಿಕ್ಷೆ ಬೇಡಿದಳು? ಬೇಡಲು ಯಾರು ಉಳಿದಿದ್ದರು? ಕೈ ಹರಿದುಕೊಂಡು ಹೇಗೋ ಮೂರು ಜೀವ ಉಳಿಸಿದವಳು. ಅಪ್ಪನೇ ಅವಳನ್ನು ಅರಸರ ಹಿಂದೆ ಮುಚ್ಚಿಟ್ಟಿದ್ದ. ಈಗ ಮಾವನವರು ಗರುಡನ ಹಿಂದೆ ಮುಚ್ಚಿಡಲು ಹೊರಟಿದ್ದರು. ಪಾಪಿನಾಯಕನಹಳ್ಳಿ ಬರುವ ಹೊತ್ತಿಗೆ ನನ್ನ ಅಳು ನಿಂತಿತ್ತು. ಇನ್ನು ಯಾರಿಗೂ ಮುಚ್ಚಿಡಲು ಬಿಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ.

ಆದರೆ ಕಂಪ್ಲಿಯಲ್ಲಿ ಕೆಲಸ ಮುಗಿದಿತ್ತು. ನಾನಿಲ್ಲದಾಗ ಮಾವನವರು ಗಿರಣಿಯ ಫಿಟ್ಟರನನ್ನು ಕರೆದು ಹೆಸರು ಉಜ್ಜಿಸಿದ್ದರು. ಯಂತ್ರ ಬಿಚ್ಚುವ ಕೈಗೆ ಹಿತ್ತಾಳೆಯ ನಯ ಎಲ್ಲಿ ಗೊತ್ತಿರಬೇಕು? ತಗಡು ಗೀರು ಗೀರಾಗಿತ್ತು. ಅದರ ಮೇಲೆ ಸೊಟ್ಟಪಟ್ಟ ಅಕ್ಷರಗಳಲ್ಲಿ 'ಗರುಡದವರು' ಎಂದಿತ್ತು. ನಾನು ಒಂದೊಂದೇ ಪಾತ್ರೆ ಎತ್ತಿ ನೋಡಿದೆ. ಒಂದನ್ನೂ ಬಿಟ್ಟಿರಲಿಲ್ಲ. ಗಿರಿಜೆ ಬಂದು ಹಿಂದೆ ನಿಂತು, "ತಪ್ಪು ತಿಳಕೋಬ್ಯಾಡ ಅತ್ಗಿ" ಎಂದಳು. ಅವಳಿಗೆ ಬಂಡ್ರಿಯ ಕತೆಯನ್ನೆಲ್ಲ ಹೇಳಿದೆ. ಕೇಳಿ, ನನ್ನ ಕೈ ಹಿಡಿದು ಕೂತಳು.

ಹೊಸಪೇಟೆಯವರು ಬಂದ ದಿನ ಹೊಳೆ ಎರಡೂ ದಡ ತುಂಬಿ ಹರಿಯುತ್ತಿತ್ತು. ಹುಡುಗನ ತಂದೆ, ತಾಯಿ, ಅಜ್ಜಿ ಬಸಮ್ಮ, ಜೊತೆಗೆ ನಾಲ್ಕು ಜನ. ಅಜ್ಜಿ ಬಂಡಿ ಇಳಿದವಳೇ ಗಿರಣಿಯ ಬಾಗಿಲ ಕಡೆ ಒಂದು ಸಲ ನೋಡಿ ಒಳಗೆ ಬಂದಳು. ಬೆನ್ನು ಬಾಗಿತ್ತು, ದನಿ ಬಾಗಿರಲಿಲ್ಲ. ಹಿರಿಯರು ಪಡಸಾಲೆಯಲ್ಲಿ ಕೂತರು. ಕೈಕಾಲು ತೊಳೆಯಲು ನೀರು ಕೊಟ್ಟೆವು, ಕುಡಿಯಲು ನನ್ನ ಕೊಡದಲ್ಲೇ ನೀರು ತಂದಿಟ್ಟೆವು. ಅಜ್ಜಿ ಕೊಡವನ್ನು ಬೆಳಕಿನ ಕಡೆ ಹೊರಳಿಸಿ ಬೆರಳಿಟ್ಟು ಓದಿದಳು.

"ಗರುಡದವರು. ಇವು ಯಾರ ಪಾತ್ರಿ?"

"ಸೊಸಿ ತವರಿನವ್ರಿ" ಎಂದರು ಅತ್ತೆ.

"ನಾಮದವರ ಮನಿ ಹೆಣ್ಣೇನು? ಅಡ್ಡಬೂದಿ ಹಚ್ಚೋರ ಮನಿಗೆ ಗರುಡ ಎಲ್ಲಿಂದ ಬಂತು?"

ಹುಡುಗನ ತಂದೆ ಬಾಯಿಯ ಹತ್ತಿರ ಒಯ್ದಿದ್ದ ತಂಬಿಗೆಯನ್ನು ಕೆಳಗಿಟ್ಟ. ವಿಷ್ಣುವಿನ ವಾಹನವನ್ನು ಶಿವಭಕ್ತರ ಅಡಿಗೆಮನೆಗೆ ತಂದಿಟ್ಟ ತಪ್ಪು ಮಾವನವರಿಗೆ ಆಗ ಹೊಳೆಯಿತು. ಗುಮಾಸ್ತರು ಮೂಲೆಯಲ್ಲಿ ನೆಲ ನೋಡುತ್ತಿದ್ದರು. ಮಾವನವರು ತಡವರಿಸಿ, "ಅದು ಸೊಸಿದಲ್ರಿ. ಸಂತ್ಯಾಗ ಹಳೇ ಪಾತ್ರಿ ಕೊಂಡಿದ್ವಿ, ಯಾರದೋ ಏನೋ" ಎಂದರು.

ಯಾರದೋ ಏನೋ. ಆ ಮಾತಿಗೆ ನನ್ನ ತಾಳ್ಮೆ ತಪ್ಪಿತು. ಬಾಗಿಲು ದಾಟಿ ಪಡಸಾಲೆಗೆ ಬಂದೆ. "ಪಾತ್ರಿ ನಂದ್ರಿ ಅವ್ವಾರೆ. ಅದರ ಮ್ಯಾಲೆ ಡೇಗೆಯವರು ಅಂತ ಇತ್ತು. ನೀವು ನೋಡಿದ್ರ ಬ್ಯಾಡ ಅಂದೀರಿ ಅಂತ ಅಳಿಸ್ಯಾರ. ಡೇಗಿ ಅಂದ್ರ ಮಾಂಸ ತಿನ್ನೋ ಹಕ್ಕಿ. ನಮ್ಮ ಹಿರೇಳು ಅದು ಹಿಡಿದದ್ದನ್ನ ಸುಟ್ಟು ಮಕ್ಕಳಿಗೆ ತಿನಿಸಿದ್ಲು. ತಿನಿಸದಿದ್ರ ಆ ಕೂಸು ಬದುಕತಿದ್ದಿಲ್ಲ, ನಾನೂ ಇರತಿದ್ದಿಲ್ಲ. ನಿಮಗ ಈ ಕೊಡದಾಗಿನ ನೀರು ಬ್ಯಾಡಾದ್ರ ಚೆಲ್ಲರಿ. ನನ್ನ ಮನಿ ಹೆಸರು ಮಾತ್ರ ಅದೇ. ಇದಕ್ಕೂ ಗಿರಿಜಿಗೂ ಸಂಬಂಧ ಇಲ್ಲ. ಸಿಟ್ಟಿದ್ರ ನನ್ನ ಮ್ಯಾಲಿರಲಿ."

"ಒಳಗ ನಡಿ" ಎಂದರು ಮಾವನವರು. "ನಾಳಿಗೆ ನಿಮ್ಮಪ್ಪನ ಮನಿಗೆ ಬಂಡಿ ಕಟ್ಟಸ್ತೀನಿ."

"ತಡಿಯಪ್ಪಾ" ಎಂದಳು ಅಜ್ಜಿ. "ಆಕೀನ ಕಳಸೋದು ಆಮ್ಯಾಲೆ. ಮೊದಲು ನೀ ಹೇಳು. ನೀನು ತೌಡಿನ ಈರಪ್ಪನ ಮಗ ಅಲ್ಲೇನು?"

ನಾನು ಆ ಹೆಸರನ್ನು ಆ ಮನೆಯಲ್ಲಿ ಒಂದು ದಿನವೂ ಕೇಳಿರಲಿಲ್ಲ.

"ಹೊಸಪೇಟಿ ಸಂತಿಗೆ ತೌಡಿನ ಚೀಲ ತಲಿಮ್ಯಾಲೆ ಹೊತಗೊಂಡು ಬರತಿದ್ದ ನಿಮ್ಮಪ್ಪ. ಬ್ಯಾರೇರು ಹೊಟ್ಟು ಬೆರಸೋರು, ಆತ ಬೆರಸ್ತಿದ್ದಿಲ್ಲ. ನಮ್ಮ ಎಮ್ಮಿಗೆ ಆತನ ತೌಡೇ ಆಗಬೇಕಿತ್ತು. ತೌಡಿನ ಈರಪ್ಪನ ಮೊಮ್ಮಗಳು ಅಂತ ಕೇಳಿ ನಾನೇ ಈ ಹೆಣ್ಣು ನೋಡರಿ ಅಂದೆ. ಬಂದು ನೋಡಿದ್ರ ಬಾಗಲ ಮ್ಯಾಲೆ ಅಕ್ಕಿ ಅಂತ ಬರಸೀದಿ. ತೌಡು ಎಲ್ಲಿ ಹೋತು?" ಆಮೇಲೆ ಅಜ್ಜಿ ಕಂಬದ ಮರೆಯಲ್ಲಿದ್ದ ಗಿರಿಜೆಯ ಕಡೆ ತಿರುಗಿದಳು. "ನೀ ಹೇಳವಾ. ನಮ್ಮ ಮನಿಗೆ ಬಂದ ಮ್ಯಾಲೆ ಯಾರರ ಕೇಳಿದ್ರ ಯಾರ ಮನಿ ಮಗಳು ಅಂತೀ?"

ಗಿರಿಜೆ ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. "ತೌಡಿನವರ ಮಗಳು ಅಂತೀನ್ರಿ" ಎಂದಳು. ಸಣ್ಣ ದನಿ, ಆದರೆ ಪಡಸಾಲೆಯ ಕೊನೆಗೂ ಕೇಳಿಸಿತು.

ಅಜ್ಜಿ ನನ್ನ ಕೊಡದಿಂದ ಒಂದು ತಂಬಿಗೆ ನೀರು ಬಗ್ಗಿಸಿಕೊಂಡು ಕುಡಿದಳು. ಅವಳ ಮಗ ಮಾತ್ರ ಕುಡಿಯಲಿಲ್ಲ. ವಿಚಾರ ಮಾಡಿ ಹೇಳಿ ಕಳಿಸುತ್ತೇವೆ ಎಂದು ಊಟ ಮಾಡದೆ ಎಲ್ಲರನ್ನೂ ಎಬ್ಬಿಸಿಕೊಂಡು ಹೋದ. ಮಾಡಿದ ಹೋಳಿಗೆ ಹಾಗೇ ಉಳಿಯಿತು.

ಮರುದಿನ ಬೆಳಿಗ್ಗೆ ಮಾವನವರು ನಿಜವಾಗಿಯೂ ಬಂಡಿ ಹೊರಡಿಸಲು ಹೇಳಿದರು. ನಾನು ಗಂಟು ಕಟ್ಟಿದೆ. ಅಳಲಿಲ್ಲ. ಆಗ ಗಿರಣಿಯ ಅಂಗಳದಲ್ಲಿ, ಹಮಾಲರೆಲ್ಲ ನೋಡುತ್ತಿದ್ದಂತೆ, ನಮ್ಮವರು ಅಪ್ಪನ ಎದುರು ಬಂದು ನಿಂತರು. "ಬಂಡಿ ಕಟ್ಟಿದ್ರ ನಾನೂ ಕುಂದರತೀನಿ" ಎಂದರು. ಅಷ್ಟೇ ಅವರು ಆಡಿದ್ದು. ಮಾವನವರು ಎತ್ತುಗಳನ್ನು ಬಿಚ್ಚಲು ಹೇಳಿ ಒಳಗೆ ಹೋದರು. ಅವತ್ತಿನಿಂದ ಎರಡು ತಿಂಗಳು ಅವರು ನನ್ನ ಜೊತೆ ಮಾತಾಡಲಿಲ್ಲ, ಬಡಿಸಿದರೆ ಉಂಡರು. ಅತ್ತೆ ನಿಟ್ಟುಸಿರು ಬಿಡುತ್ತಿದ್ದರು. ನಾನು ತಪ್ಪಾಯಿತು ಎನ್ನಲಿಲ್ಲ, ಅನ್ನುವ ಮನಸ್ಸೂ ಇರಲಿಲ್ಲ. ಗಿರಿಜೆಯ ಮುಖ ಮಾತ್ರ ನೋಡಲಾಗುತ್ತಿರಲಿಲ್ಲ. ಬಂಡಿಯ ಸದ್ದಾದರೆ ಅವಳು ಬಾಗಿಲಿಗೆ ಓಡುತ್ತಿದ್ದಳು.

ಬನ್ನಿ ಹಬ್ಬ ಮುಗಿದ ಮೇಲೆ ಹೊಸಪೇಟೆಯಿಂದ ಮಾತು ಬಂತು. ಅಜ್ಜಿ ಹಟ ಹಿಡಿದು ಮಗನನ್ನು ಒಪ್ಪಿಸಿದ್ದಳು. ಮದುವೆ ಗೊತ್ತಾಯಿತು. ಗಿರಿಜೆಗೆ ಕೊಡಲು ಮಾವನವರು ಹೊಸ ಹಿತ್ತಾಳೆ ಪಾತ್ರೆಗಳನ್ನು ತರಿಸಿದರು. ಹೆಸರು ಹೊಡೆಯಲು ಮತ್ತೆ ಹುಸೇನ್ ಸಾಬನೇ ಬರಬೇಕಾಯಿತು. ಅವನು ಅಂಗಳದಲ್ಲಿ ಕೂತು, ಹೊಸ ಕೊಡವನ್ನು ತೊಡೆಯ ನಡುವೆ ಹಿಡಿದು, "ಏನಂತ ಹೊಡೀಲ್ರಿ ಧಣಿ?" ಎಂದು ಕೇಳಿದ.

"ಕಂಪ್ಲಿ ಅಕ್ಕಿಯವರು."

ಗಿರಿಜೆ ಬಂದು ಕೊಡದ ಮೇಲೆ ಅಂಗೈ ಇಟ್ಟಳು. "ತೌಡಿನವರು ಅಂತ ಹೊಡಿ ಸಾಬಣ್ಣ."

ಹುಸೇನ್ ಸಾಬ ಉಳಿ ಎತ್ತಿದ ಕೈ ಹಾಗೇ ಹಿಡಿದು ಮಾವನವರನ್ನು ನೋಡಿದ. ಗಿರಿಜೆ ಕೈ ತೆಗೆಯಲಿಲ್ಲ. ಕೊನೆಗೆ ಅವಳ ಬೆರಳುಗಳ ಪಕ್ಕದಲ್ಲೇ ಅವನು ಹೊಡೆಯತೊಡಗಿದ. ಟುಕ್ ಟುಕ್ ಎಂದು 'ತೌ' ಮೂಡಿತು. ಮಾವನವರು ಬಗ್ಗಿ ನೋಡಿದರು.

"ಅಷ್ಟು ಸಣ್ಣಗ ಯಾಕ ಹೊಡೀತೀಯೋ? ನಾಕು ಮಂದಿಗೆ ಕಾಣಬ್ಯಾಡೇನು?" ಎಂದು ಗದರಿ, ವಲ್ಲಿ ಹೆಗಲಿಗೆ ಹಾಕಿಕೊಂಡು ಗಿರಣಿಯ ಕಡೆ ನಡೆದುಬಿಟ್ಟರು.

ನಾನು ಒಳಗೆ ಹೋಗಿ ನನ್ನ ಕೊಡ ಎತ್ತಿಕೊಂಡು ಬಂದೆ. ಹುಸೇನ್ ಸಾಬ ಫಿಟ್ಟರನ ಅಕ್ಷರಗಳ ಮೇಲೆ ಬೆರಳಾಡಿಸಿ, ತಗಡು ತೆಳುವಾಗಿದೆ, ಇನ್ನೊಮ್ಮೆ ಉಜ್ಜಿದರೆ ತೂತು ಬೀಳುತ್ತದೆ ಎಂದ.

"ಉಜ್ಜಬ್ಯಾಡಣ್ಣ. ಅದು ಹಂಗೇ ಇರಲಿ. ಈ ಕಡೆ ಹೊಡಿ, ದೊಡ್ಡದಾಗಿ."

"ಡೇಗೆಯವರು ಅಂತಲೇನವ್ವಾ, ಮೊದಲಿನಂಗ?"

"ಅಲ್ಲ" ಎಂದೆ. "ಡೇಗವ್ವನ ಮಕ್ಕಳು ಅಂತ ಹೊಡಿ."